ನಮ್ಮ ಮನೆಯ ನೀರು ಕುಡಿಯದ ಸಡಕಿನ ಕಾಕಾ

ಕಳೆದ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದಾಗ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಅಫಜಲಪುರದ ಕಡೆಗೆ ಮದುವೆಯಾಗಿ ಹೋದವಳು. ಗುರುತು ಹಿಡಿಯಲು ನನಗೆ ತುಸು ಹೊತ್ತೇ ಬೇಕಾಯಿತು. ನನ್ನನ್ನು ಕಂಡವಳೇ ಎದ್ದು ನಿಂತು, “ಅಪ್ಪ ಲಿಂಗೈಕ್ಯ ಆದ್ರಿ ಅಕ್ಕಾರ” ಅಂದಳು. “ಊರಾಗ ಯಾರಿಗಿ ಹೇಳದಿದ್ರೂ ಆ ಮನಿಗಿ ಮಾತ್ರ ನೀನೇ ಹೋಗಿ ಹೇಳಿ ಬಾ ಅಂದಿದ್ರು.”

ಒಳಗೆ ಕರೆದು ಕೂರಿಸಿ ಚಹಾ ಮಾಡಿಕೊಟ್ಟೆ. ಉಂಡು ಮಲಗಿದವರು ಹಾಗೆಯೇ ಹೋದರಂತೆ, ನರಳಲಿಲ್ಲವಂತೆ. ಅಷ್ಟಾದರೂ ಶಿವ ದಯೆ ತೋರಿದ ಅಂದುಕೊಂಡೆ. ಅವಳು ಹೋದ ಮೇಲೆ ರೊಟ್ಟಿ ಬಡಿಯಲು ಕುಳಿತರೆ ಕೈ ಓಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅವಳ ತಂದೆ ನಮ್ಮೂರ ಸಡಕಿನ, ಅಂದರೆ ರಸ್ತೆಯ, ಕೂಲಿ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವರು. ಅವರಿಗೊಂದು ಹೆಸರಿತ್ತು, ಆದರೆ ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಎಲ್ಲರಿಗೂ ಅವರು ಸಡಕಿನ ಕಾಕಾ. ನಮ್ಮ ಮನೆ ಊರಿನ ಕೊನೆಯ ಮನೆ. ಅದರ ಮುಂದಿನ ಬೇವಿನ ಮರದಿಂದಲೇ ಅವರ ಸಡಕು ಶುರುವಾಗುತ್ತಿತ್ತು. ಅಲ್ಲಿಂದ ತೊಗರಿ ಹೊಲಗಳ ನಡುವೆ ಹಾದು, ಹಳ್ಳಕ್ಕೆ ಇಳಿದು, ಏರಿ, ಆಳಂದದ ಬಸ್ಸು ಓಡಾಡುವ ಡಾಂಬರು ರಸ್ತೆಗೆ ಹೋಗಿ ಕೂಡುತ್ತಿತ್ತು. ವರ್ಷಗಟ್ಟಲೆ ನಮ್ಮ ಬಾಗಿಲ ಮುಂದೆಯೇ ಬಿಸಿಲಲ್ಲಿ ದುಡಿದ ಆ ಮನುಷ್ಯ ನಮ್ಮ ಮನೆಯ ಒಂದು ಹನಿ ನೀರು ಮುಟ್ಟದೆ ಕಾಲ ಕಳೆದರು. ಮೊದಲು ಹಾಗಿರಲಿಲ್ಲ. ಯಾಕೆ ಹಾಗಾಯಿತು ಎಂಬುದನ್ನು ಬರೆದರೆ ಅವರು ಹೇಗಿದ್ದರೆಂದು ಹೇಳಿದ ಹಾಗೆಯೇ.

ನಮ್ಮ ಸೀಮೆಯದು ಎರೆ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ನಾದಿದ ಹಿಟ್ಟಿನ ಹಾಗೆ ಆಗುತ್ತದೆ. ಗಾಡಿಯ ಗಾಲಿಗೆ ಮೆತ್ತಿಕೊಂಡರೆ ಗಾಲಿಯೇ ಕಾಣುವುದಿಲ್ಲ, ಮಣ್ಣಿನ ಮುದ್ದೆಯೇ ಉರುಳಿದಂತೆ ಇರುತ್ತದೆ. ಅಂಥ ನೆಲದ ಮೇಲೆ ಗುಡ್ಡ ಅಗಿದು ತಂದ ಕೆಂಪು ಗರಸು ಮಣ್ಣನ್ನು ಹಾಸಿ, ನೀರು ಚಿಮುಕಿಸಿ, ದಮ್ಮಸಿನಿಂದ ಗುದ್ದಿ ಮಾಡಿದ ರಸ್ತೆ ನಮ್ಮದು. ಆ ಗರಸಿಗೆ ನಮ್ಮ ಕಡೆ ಮುರುಮು ಅನ್ನುತ್ತಾರೆ. ಮುರುಮು ಒಮ್ಮೆ ಹಾಕಿದರೆ ಮುಗಿಯಲಿಲ್ಲ, ವರ್ಷವರ್ಷವೂ ಅದರ ಆರೈಕೆ ಮಾಡಬೇಕು. ಮಳೆಗಾಲಕ್ಕೆ ಮುಂಚೆ ಎರಡೂ ಬದಿಯ ನಾಲಿಗಳನ್ನು ಕೆತ್ತಿ ನೀರು ಹರಿದು ಹೋಗಲು ಜಾಗ ಮಾಡಬೇಕು. ಮಳೆಯಲ್ಲಿ ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ ಹೋಗಿ ಸಲಿಕೆಯಿಂದ ಬಿಡಿಸಬೇಕು. ದಸರಾ ಕಳೆದ ಮೇಲೆ ಗಾಲಿ ಕೊರೆದ ಜಾಡುಗಳನ್ನು ತುಂಬಿ ಹೊಸ ಮುರುಮು ಹಾಸಬೇಕು. ಕಾಕಾ ಈ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕಿಂತ ವರ್ಷ ಪೂರ್ತಿ ಆ ಸಡಕಿನ ಜೊತೆ ಸಂಸಾರ ಮಾಡುತ್ತಿದ್ದರು ಅನ್ನಬೇಕು.

ಮಟಕಿ ಅವರ ಹುಟ್ಟೂರು. ಹೆಂಡತಿ ಬೇಗ ತೀರಿಕೊಂಡಿದ್ದಳು. ಎಡ ಭುಜ ತುಸು ಇಳಿದಿತ್ತು, ಬುಟ್ಟಿ ಹೊತ್ತು ಹೊತ್ತು. ಬಿಳಿ ರುಮಾಲು ಎಷ್ಟು ಒಗೆದರೂ ಕೆಂಪು ಬಿಡುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಮುಳ್ಳು, ಮೊಳೆ, ಎತ್ತಿನ ಕಾಲಿನಿಂದ ಕಳಚಿದ ಲಾಳ ಎಲ್ಲವೂ ಆ ರುಮಾಲಿನ ಮಡಿಕೆಯೊಳಗೆ ಹೋಗುತ್ತಿದ್ದವು. ತಾವು ಮಾತ್ರ ಸಡಕಿನ ನಡುವೆ ಎಂದೂ ನಡೆಯುತ್ತಿರಲಿಲ್ಲ, ಯಾವಾಗಲೂ ಅಂಚು ಹಿಡಿದೇ ಹೋಗುತ್ತಿದ್ದರು. ಒಮ್ಮೆ ಯಾಕೆ ಅಂತ ಕೇಳಿದ್ದಕ್ಕೆ, “ಅಡಗಿ ಮಾಡಿದಾಕಿ ಮೊದಲ ಪಂಕ್ತ್ಯಾಗ ಕೂಡ್ತಾಳೇನು?” ಅಂದಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರನ್ನು ಮೊದಲು ಕಂಡದ್ದು. ನನ್ನ ತವರು ಭೀಮೆಯ ಆಚೆ, ಜೇವರ್ಗಿ ತಾಲೂಕಿನ ಒಂದು ಊರು. ಇಲ್ಲಿ ಯಾರ ಪರಿಚಯವೂ ಇರಲಿಲ್ಲ. ಅತ್ತೆ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದರು, ನಾನು ಬಾಗಿಲ ಸಂದಿಯಲ್ಲಿ ಸೆರಗು ಹಿಡಿದು ನಿಂತಿದ್ದೆ. ಹೊರಗೆ ಕಾಕಾ ಒಬ್ಬ ಗಾಡಿಯವನನ್ನು ತಡೆದು ಬೈಯುತ್ತಿದ್ದರು.

“ಏ ತಮ್ಮಾ, ಹೊಸ ಮುರುಮು ಹೊಸ ಸೊಸಿ ಇದ್ದಂಗಲೇ. ಒಂದ ಮಗ್ಗಲಿಗಿ ದಬಾಯಿಸಿದ್ರ ಒಡೀತದ. ಜರಾ ಆ ಕಡಿ, ಜರಾ ಈ ಕಡಿ ಹೊಡಿ!”

ಅತ್ತೆ ಮೊರ ಬಿಟ್ಟು ನಕ್ಕರು. “ಏನಪಾ ಮೇಸ್ತ್ರಿ, ಸಡಕು ಬಗ್ಗತದ, ಸೊಸಿ ಬಗ್ಗಬೇಕಲ್ಲ!”

“ಬಗ್ಗಿಸಬ್ಯಾಡ್ರಿ ಅಕ್ಕಾರ, ಹಂಗ ಬಿಡ್ರಿ. ಮಳಿ ಬಂದಾಗ ಗೊತ್ತಾಗ್ತದ ಯಾವದು ಗಟ್ಟಿ ಅಂತ.”

ಗಂಡನ ಮನೆಗೆ ಬಂದ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಒಂದೇ ಜಾಡಿನಲ್ಲಿ ಗಾಡಿಗಳು ಓಡಿದರೆ ಸಡಕು ಅಲ್ಲಿ ಕುಸಿಯುತ್ತದೆ, ಉಳಿದದ್ದು ಸಡಿಲಾಗಿಯೇ ಇರುತ್ತದೆ. ಅದಕ್ಕೆ ಕಾಕಾ ಹೊಸ ಮುರುಮಿನ ಮೇಲೆ ಅಲ್ಲಲ್ಲಿ ದೊಡ್ಡ ಕಲ್ಲುಗಳನ್ನು ಇಡುತ್ತಿದ್ದರು. ಗಾಡಿಗಳು ಕಲ್ಲು ತಪ್ಪಿಸಿ ಹಾವಿನಂತೆ ಹೋಗಬೇಕು. ಮರುದಿನ ಕಲ್ಲುಗಳು ಬೇರೆ ಕಡೆ. ಹೀಗೆ ಊರಿನ ಗಾಡಿಗಳಿಂದಲೇ ಸಡಕಿನ ಮೈಯೆಲ್ಲ ತುಳಿಸಿಕೊಳ್ಳುತ್ತಿದ್ದರು. ಕತ್ತಲಾಗುವ ಮುಂಚೆ ಕಲ್ಲೆಲ್ಲ ಬದಿಗೆ. ಗಾಡಿಯವರು ದಿನಾ ಜಗಳ ತೆಗೆಯುತ್ತಿದ್ದರು.

“ಸಡಕು ನಿಮ್ಮಪ್ಪಂದೇನೋ ಕಾಕಾ?”

“ನಮ್ಮಪ್ಪಂದಾಗಿದ್ರ ನಿನ್ನ ಗಾಡಿ ಬಿಡ್ತಿದ್ದಿಲ್ಲಲೇ ಮಗನ! ಸರಕಾರದ್ದದ, ಅದಕ್ಕ ಹೋಗಗೊಡಾಕತ್ತೇನಿ.”

ಅವರ ಮಗಳ ಮದುವೆಯ ದಿನದ ಕತೆಯನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಬೀಗರ ಗಾಡಿಗಳು ಗೆಜ್ಜೆ ಸದ್ದು ಮಾಡುತ್ತ ಸಾಲಾಗಿ ಬರುತ್ತಿದ್ದವು. ಹೊಸ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಎದುರುಗೊಳ್ಳಲು ನಿಂತಿದ್ದ ಕಾಕಾ ಒಮ್ಮೆಲೇ ಓಡಿದರು. ಎಲ್ಲಿಗೆ ಎಂದರೆ, ಬದಿಯಲ್ಲಿದ್ದ ಕಲ್ಲು ಎತ್ತಿ ವರನ ಗಾಡಿಯ ಮುಂದೆ ಇಡಲು. “ಎಲ್ಲಾ ಒಂದ ಜಾಡಿನ್ಯಾಗ ಬರಾಕತ್ತೀರಲ್ರಿ ಬೀಗರ!” ಎಂದು ಕೂಗಿದರಂತೆ. ಬೀಗರು ಸಿಟ್ಟಾಗಿ ಗಾಡಿ ತಿರುಗಿಸುತ್ತಿದ್ದರು. ವರನೇ ಇಳಿದು, “ಮಾವಾರ, ಒಳಗ ಹೋಗ್ರಿ, ಕಲ್ಲ ನಾ ಇಡ್ತೇನಿ” ಅಂದದ್ದರಿಂದ ಮದುವೆ ಉಳಿಯಿತು. ಮೊನ್ನೆ ಬಂದ ಮಗಳಿಗೂ ಈ ಮಾತು ನೆನಪಾಗಿ ಚಹಾ ಕುಡಿಯುತ್ತಲೇ ನಕ್ಕಳು, ಆಮೇಲೆ ಅತ್ತಳು.

ಆ ಕಾಲದಲ್ಲಿ ಅವರ ಸಲಿಕೆ, ಬುಟ್ಟಿ, ದಮ್ಮಸು ಎಲ್ಲ ನಮ್ಮ ದನದ ಕೊಟ್ಟಿಗೆಯಲ್ಲೇ ಇರುತ್ತಿದ್ದವು. ಬಿಸಿಲೇರಿದಾಗ ಬೇವಿನ ಕೆಳಗೆ ಬಂದು, “ಯವ್ವಾ, ಜರಾ ನೀರು ತಾ” ಅನ್ನುತ್ತಿದ್ದರು. ಚರಗಿ ಎತ್ತಿ ಒಂದೇ ಉಸಿರಿಗೆ ಕುಡಿದು, “ನಿಮ್ಮ ಬಾವಿ ಒಳಗ ಯಾರೋ ಬೆಲ್ಲ ಹಾಕ್ಯಾರ” ಅನ್ನುತ್ತಿದ್ದರು. “ನೀ ಹಿಂಗ ಕುಡದ್ರ ಬಾವಿ ತಳಾ ಕಾಣತದಪಾ” ಎಂದು ಅತ್ತೆ ರೇಗಿಸುತ್ತಿದ್ದರು. ನಮ್ಮ ಮಾವ ಅವರನ್ನು ಕೂರಿಸಿಕೊಂಡು ಎಲೆ ಅಡಿಕೆ ಕೊಡುತ್ತಿದ್ದರು. ಹೀಗೆ ನಡೆದಿತ್ತು.

ನಾನು ಮೊದಲ ಸಲ ಬಸುರಿಯಾದ ವರ್ಷ ಮಳೆ ಜೋರಾಗಿ ಹಿಡಿಯಿತು. ಆ ವರ್ಷ ಹಳ್ಳದ ಇಳಿಜಾರಿಗೆಂದು ಮುರುಮಿನ ರಾಶಿಗಳು ಬೇಸಿಗೆಯಲ್ಲೇ ಬಂದು ಬಿದ್ದಿದ್ದವು, ಮಳೆ ತುಸು ಬಿಡುವು ಕೊಟ್ಟರೆ ಹಾಸಬೇಕಿತ್ತು. ಅಲ್ಲಿ ಹಳೆಯ ಮುರುಮು ಕೊಚ್ಚಿಹೋಗಿ ಎರೆ ಮಣ್ಣು ಬಾಯಿ ತೆರೆದಿತ್ತು. ಆದರೆ ಶ್ರಾವಣದಲ್ಲಿ ಊರಿನ ಮಠದಲ್ಲಿ ಪುರಾಣ ಮುಗಿದು ಸ್ವಾಮಿಗಳ ಪಲ್ಲಕ್ಕಿ ಹೊರಡಬೇಕಿತ್ತು. ಮಠದ ಓಣಿಯಲ್ಲಿ ಮೊಣಕಾಲುದ್ದ ಕೆಸರು. ಪಲ್ಲಕ್ಕಿ ಹೊರುವವರು ಜಾರಿದರೆ ಏನು ಗತಿ ಎಂದು ಹಿರಿಯರೆಲ್ಲ ಕೂಡಿ ಕಾಕಾನ ಬಳಿ ಬಂದರು. “ಆ ಮುರುಮು ಓಣಿಗಿ ಹಾಕ್ರಿ ಮೇಸ್ತ್ರಿ. ಹಳ್ಳದ್ದು ಮುಂದ ನೋಡಿದ್ರಾಯ್ತು. ದೇವರ ಕೆಲಸ.”

ಕಾಕಾ ಭಕ್ತರು. ಕೊರಳಲ್ಲಿ ಲಿಂಗ, ಸೊಂಟದ ಚೀಲದಲ್ಲಿ ವಿಭೂತಿ, ಎರಡೂ ತಪ್ಪಿದ ದಿನವಿಲ್ಲ. ಇಲ್ಲ ಅನ್ನಲಿಲ್ಲ. ಗ್ಯಾಂಗಿನವರೆಲ್ಲ ಕೂಲಿ ಕೇಳದೆ ಮುರುಮು ಹೊತ್ತರು. ಓಣಿ ದೇವರ ಕೋಣೆಯ ನೆಲದ ಹಾಗೆ ಆಯಿತು. ಆ ಸಂಜೆ ನಾನೂ ಆರತಿ ಹಿಡಿದು ಅಲ್ಲಿ ನಿಂತಿದ್ದೆ. ಕಾಲಿಗೆ ಕೆಸರು ಹತ್ತಲಿಲ್ಲ. ಹೊಟ್ಟೆಯಲ್ಲಿ ಕೂಸು ಆಡಿತು. ಕಾಕಾನಿಗೆ ಸ್ವಾಮಿಗಳು ಶಾಲು ಹೊದಿಸಿದಾಗ ಎಲ್ಲರೂ ಹರಹರ ಅಂದೆವು. ಅದರಲ್ಲಿ ತಪ್ಪು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಉತ್ತರಿ ಮಳೆಯ ಹೊತ್ತಿಗೆ ನನಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ತವರಿಗೆ ಕರೆದೊಯ್ಯಲು ಅಣ್ಣ ಬರಬೇಕಿತ್ತು, ಭೀಮೆ ತುಂಬಿ ಹರಿಯುತ್ತಿದ್ದುದರಿಂದ ಆಚೆಯೇ ಉಳಿದ. ಒಂದು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಬೇನೆ ಶುರುವಾಯಿತು. ಸೂಲಗಿತ್ತಿ ಮುಟ್ಟಿ ನೋಡಿ, “ಇದು ನನ್ನ ಕೈಲೆ ಆಗಂಗಿಲ್ಲ, ದವಾಖಾನಿಗಿ ಒಯ್ರಿ” ಅಂದಳು. ನಮ್ಮ ಯಜಮಾನರು ಡಾಂಬರು ರಸ್ತೆಯಲ್ಲಿ ಯಾವುದಾದರೂ ವಾಹನ ನಿಲ್ಲಿಸಿಡಲು ಸೈಕಲ್ ಹೊತ್ತುಕೊಂಡೇ ಮುಂದೆ ಓಡಿದರು. ಮಾವ ಗಾಡಿ ಹೂಡಿದರು. ಅತ್ತೆ ಮತ್ತು ಸೂಲಗಿತ್ತಿ ನನ್ನ ಆಚೆ ಈಚೆ ಕುಳಿತರು.

ಹಳ್ಳದ ಇಳಿಜಾರಿನಲ್ಲಿ ಗಾಡಿ ಅಚ್ಚಿನವರೆಗೆ ಹೂತಿತು. ಎತ್ತುಗಳು ಮಂಡಿಯೂರಿದವು. ಮಾವ ಇನ್ನೊಂದು ಜೋಡಿ ಎತ್ತು ತರಲು ಊರಿಗೆ ಹೊರಳಿ ಓಡಿದರು. ಮಳೆಯಲ್ಲಿ ನೀರು ಬಿಡಿಸುತ್ತ ಆ ಕಡೆಯೇ ಬಂದಿದ್ದ ಕಾಕಾ ಗಾಲಿಗೆ ಭುಜ ಕೊಟ್ಟದ್ದು, ಬದಿಯ ಕಲ್ಲು ತಂದು ಗಾಲಿಯ ಕೆಳಗೆ ತುರುಕಿದ್ದು, ತಮ್ಮ ಕಂಬಳಿ ಬಿಚ್ಚಿ ನನ್ನ ಮೇಲೆ ಹಾಕಲು ಕೊಟ್ಟದ್ದು ಇಷ್ಟು ನನಗೆ ನೆನಪಿದೆ. ಆಮೇಲೆ ಎಚ್ಚರ ತಪ್ಪಿತು.

ಎಚ್ಚರಾದಾಗ ಆಳಂದದ ದವಾಖಾನೆಯಲ್ಲಿದ್ದೆ. ಅತ್ತೆ ನನ್ನ ತಲೆ ಸವರುತ್ತ ಹೇಳಿದರು. “ಗಂಡಿತ್ತವ್ವಾ. ಹೊಟ್ಟ್ಯಾಗೇ ಹೋಗಿತ್ತು. ಅಳಲಿಲ್ಲ, ಕಣ್ಣ ತೆರೀಲಿಲ್ಲ. ಅದಕ್ಕ ಏನೂ ತಿಳೀಲಿಲ್ಲ.” ಅಷ್ಟರಲ್ಲಿ ಮಾವ ನಮ್ಮ ಹೊಲದಲ್ಲಿ ಮಣ್ಣು ಕೊಟ್ಟು ಮುಗಿಸಿದ್ದರು.

ಆ ದುಃಖದ ಬಗ್ಗೆ ಹೆಚ್ಚು ಬರೆಯಲಾರೆ. ಎದೆಯಲ್ಲಿ ಹಾಲು ಬಂದ ದಿನ ಗೋಡೆಗೆ ಹಣೆ ಕೊಟ್ಟು ನಿಂತಿದ್ದೆ, ಅಷ್ಟು ಸಾಕು. ಆಮೇಲೆ ಬದುಕಬೇಕಲ್ಲ, ಸಿಕ್ಕ ದಯೆಗಳನ್ನು ಎಣಿಸತೊಡಗಿದೆ. ನನ್ನ ಜೀವ ಉಳಿಯಿತು. ಗಂಡ ಕೈಬಿಡಲಿಲ್ಲ. ಅತ್ತೆ ಒಂದು ಕೆಟ್ಟ ಮಾತಾಡಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಆ ಕೂಸು ಏನೂ ಅನುಭವಿಸದೆ ಹೋಯಿತು. ಹಸಿವು, ಚಳಿ, ನೋವು ಯಾವುದೂ ಅದಕ್ಕೆ ತಾಗಲಿಲ್ಲ. ಲಿಂಗ ಪೂಜೆಗೆ ಕುಳಿತಾಗ ಈ ಒಂದು ಮಾತನ್ನು ಹಿಡಿದುಕೊಂಡೇ ಕಣ್ಣು ಮುಚ್ಚುತ್ತಿದ್ದೆ.

ನಾನು ಮನೆಗೆ ಮರಳಿದಾಗ ಕೊಟ್ಟಿಗೆಯಲ್ಲಿ ಕಾಕಾನ ಸಲಿಕೆ ಬುಟ್ಟಿ ಇರಲಿಲ್ಲ. ಬೇರೆ ಕಡೆ ಒಯ್ದಿದ್ದರು. ಬಿಸಿಲೇರಿದರೂ ಬೇವಿನ ಕೆಳಗೆ ಬರಲಿಲ್ಲ. ಹೆಗಲಿಗೆ ಒಂದು ಸೋರೆ ಬುರುಡೆ ತೂಗುಹಾಕಿಕೊಂಡು ಎಲ್ಲಿಂದಲೋ ನೀರು ತರುತ್ತಿದ್ದರು. ಒಂದು ದಿನ ನಾನೇ ಚರಗಿ ಹಿಡಿದು ಹೊರಗೆ ಹೋದೆ.

“ಕಾಕಾ, ನೀರು ತಗೋರಿ.”

“ಬ್ಯಾಡವ್ವಾ. ನೀರಡಿಕಿ ಇಲ್ಲ.”

ಅವರ ತುಟಿಗಳು ಒಡೆದು ಬಿಳುಚಿದ್ದವು. ನನಗೆ ಅರ್ಥವಾಯಿತು. ಓಣಿಗೆ ಹೋದ ಮುರುಮಿನ ವಿಷಯ ಅವರನ್ನು ತಿನ್ನುತ್ತಿದೆ ಅಂದುಕೊಂಡೆ. “ಹೊಟ್ಟ್ಯಾಗೇ ಹೋಗಿತ್ತಂತ್ರಿ ಕಾಕಾ. ಸಡಕು ಛಲೋ ಇದ್ರೂ ಅಷ್ಟೇ, ಕೆಟ್ಟಿದ್ರೂ ಅಷ್ಟೇ. ನಿಮ್ಮದೇನು ತಪ್ಪು?” ಅಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಕಟ್ಟೆಯ ಮೇಲಿದ್ದ ಅತ್ತೆಯನ್ನು ನೋಡಿದರು. ಅತ್ತೆ ಮುಖ ತಿರುಗಿಸಿದರು. “ಕುಡಿಯಂಗಿಲ್ಲ ಅಂದ್ರ ಬಿಡು, ಒಳಗ ಬಾ ಬೇ” ಎಂದು ನನ್ನನ್ನೇ ಗದರಿಸಿದರು. ಹಾಸ್ಯ ಮಾಡುತ್ತಿದ್ದ ಆ ಬಾಯಿ ಕಾಕಾನ ಜೊತೆ ಮತ್ತೆಂದೂ ಹಾಸ್ಯ ಮಾಡಲಿಲ್ಲ.

ಮುಂದಿನ ಶ್ರಾವಣಕ್ಕೆ ಹಿರಿಯರು ಮತ್ತೆ ಬಂದರು. ಹೊಸ ಮುರುಮಿನ ರಾಶಿಗಳು ಬಿದ್ದಿದ್ದವು. ಕಾಕಾ ಒಂದು ರಾಶಿಯ ಮೇಲೆ ಕುಳಿತುಬಿಟ್ಟರು.

“ಇದನ್ನ ಮುಟ್ಟಬ್ಯಾಡ್ರಿ. ಇದು ಹಳ್ಳದ್ದು.”

“ದೇವರ ಕೆಲಸಕ್ಕ ಇಲ್ಲ ಅಂತೀಯೇನೋ?”

“ದೇವರು ಕೆಸರಾಗ ನಡೀತಾನ್ರಿ. ಬಸುರಿ ಗಾಡಿ ನಡಿಯಂಗಿಲ್ಲ.”

ಈ ಮಾತು ನನ್ನ ಕಿವಿಗೂ ಬಿತ್ತು. ಹಾಗೆ ಅನ್ನಬಹುದೇ ಎಂದು ಅಂದು ರಾತ್ರಿ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ. ಹಿರಿಯರು ಅವರನ್ನು ಧರ್ಮಗೇಡಿ ಅಂದರು. ಕೆಲವರು ಮಾತು ಬಿಟ್ಟರು. ಆ ವರ್ಷ ಸ್ವಾಮಿಗಳು ಪಲ್ಲಕ್ಕಿ ಏರಲಿಲ್ಲ. ಕಾವಿ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ ಆ ಕೆಸರಿನಲ್ಲೇ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು. ಯಾಕೆ ಎಂದು ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಕಾಕಾ ಮಾತ್ರ ಅವತ್ತು ಹಳ್ಳದಲ್ಲಿದ್ದರು.

ಅಂದಿನಿಂದ ವರ್ಷದ ಮೊದಲ ಬುಟ್ಟಿ ಮುರುಮು ಬೀಳುತ್ತಿದ್ದುದು ಆ ಇಳಿಜಾರಿಗೆ. ಸೂಟಿಯ ದಿನವೂ ಒಬ್ಬರೇ ಹೋಗಿ ಕಲ್ಲು ಹೊಂದಿಸುತ್ತಿದ್ದರು, ದಮ್ಮಸು ಎತ್ತಿ ಬಡಿಯುತ್ತಿದ್ದರು. ಗಾಳಿ ಆ ಕಡೆಯಿಂದ ಬೀಸಿದರೆ ದಬ್ ದಬ್ ಎಂಬ ಸದ್ದು ನಮ್ಮ ಅಡುಗೆ ಮನೆಗೆ ಕೇಳುತ್ತಿತ್ತು. “ಕಾಕಾ ಅಲ್ಲಿ ಮನಿ ಕಟ್ಟಾಕತ್ತಾನ” ಎಂದು ಗಾಡಿಯವರು ನಗುತ್ತಿದ್ದರು. ಅವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಜಗಳವಾಡದ ಕಾಕಾನನ್ನು ಕಂಡು ಗಾಡಿಯವರಿಗೇ ಬೇಜಾರಾಗಿ, ಕಲ್ಲಿಡದಿದ್ದರೂ ಜಾಡು ಬಿಟ್ಟು ಹೊಡೆಯತೊಡಗಿದರು.

ಶಿವ ನನಗೆ ಮತ್ತೆ ಕೊಟ್ಟ. ಈ ಸಲ ಏಳನೇ ತಿಂಗಳಲ್ಲೇ ಅಣ್ಣ ಬಂದು ಕರೆದೊಯ್ದ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಗಾಡಿ ಹಳ್ಳಕ್ಕೆ ಇಳಿಯುವಾಗ ಕಣ್ಣು ಮುಚ್ಚಿ ಲಿಂಗ ಹಿಡಿದುಕೊಂಡಿದ್ದೆ. ಮಡಿಲಲ್ಲಿದ್ದ ತತ್ರಾಣಿಯ ನೀರು ತುಳುಕಲಿಲ್ಲ. ಕಣ್ಣು ತೆರೆದಾಗ ಗಾಡಿ ಏರು ಹತ್ತುತ್ತಿತ್ತು. ಬದಿಯಲ್ಲಿ ಕಾಕಾ ರುಮಾಲು ಕೈಯಲ್ಲಿ ಹಿಡಿದು ಬರಿತಲೆಯಲ್ಲಿ ನಿಂತಿದ್ದರು.

“ಹೋಗಿ ಬರ್ತೇನ್ರಿ ಕಾಕಾ.”

“ಸಾವಕಾಶ ಹೋಗವ್ವಾ.”

ತತ್ರಾಣಿ ಮುಂದೆ ಮಾಡಿದೆ. ಕೈ ಮುಗಿದರು, ಮುಟ್ಟಲಿಲ್ಲ. ಅಣ್ಣನಿಗೆ ಇದು ಸೇರಲಿಲ್ಲ. “ನಮ್ಮ ನೀರೇನು ವಿಷವೇನ?” ಅಂದ. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

ಹೆಣ್ಣು ಹುಟ್ಟಿತು, ಆಮೇಲೆ ಒಂದು ಗಂಡು. ಇಬ್ಬರೂ ಆ ಇಳಿಜಾರು ದಾಟಿಯೇ ಶಾಲೆಗೆ ಹೋದರು. ನಾನು ಪ್ರತಿ ವರ್ಷ ಯುಗಾದಿಗೆ ಬೇವು ಬೆಲ್ಲದ ಜೊತೆ ನೀರು ಹಿಡಿದು ಹೋಗುತ್ತಿದ್ದೆ. ಅದೇ ಮಾತು ಹೇಳುತ್ತಿದ್ದೆ: ಹೊಟ್ಟೆಯಲ್ಲೇ ಹೋಗಿತ್ತು ಕಾಕಾ, ಬಿಟ್ಟುಬಿಡಿ. ಬೇವು ಬೆಲ್ಲ ತಗೊಳ್ಳುತ್ತಿದ್ದರು, ನೀರು ಬೇಡ ಅನ್ನುತ್ತಿದ್ದರು. ಒಬ್ಬ ಮನುಷ್ಯನ ಎದೆಯ ಭಾರ ಇಳಿಸಲು ಬರಲಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಹೆತ್ತವಳು ನಾನು, ನಾನೇ ಬಿಟ್ಟೆ ಅಂದ ಮೇಲೆ ಇವರದೇನು ಹಟ?

ಸೂಲಗಿತ್ತಿ ಹೋದಳು, ಮಾವ ಹೋದರು. ಸಡಕಿಗೆ ಡಾಂಬರು ಬಂತು, ಜೆಸಿಬಿ ಬಂತು. ಗ್ಯಾಂಗು ಬೇರೆ ಕಡೆ ಹೋಯಿತು. ಕಾಕಾನ ನೌಕರಿಯೂ ಮುಗಿದು ಮಗಳ ಊರಿಗೆ ಹೋಗಿ ನೆಲೆಸಿದರು. ಮೂರು ವರ್ಷದ ಹಿಂದೆ ನಮ್ಮ ಅತ್ತೆ ಲಿಂಗೈಕ್ಯರಾದರು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದರು. ವಯಸ್ಸಿನ ಗೊಂದಲ ಅಂದುಕೊಂಡಿದ್ದೆ.

ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದರು. ಬಸ್ಸಿಳಿದು ನಡೆದು ಬಂದಿದ್ದರು. ಬಹಳ ಸೊರಗಿದ್ದರು, ರುಮಾಲು ಬೆಳ್ಳಗಾಗಿತ್ತು. ಬೇವಿನ ನೆರಳಿಗೂ ಬಾರದೆ ಬಿಸಿಲಲ್ಲೇ ನಿಂತರು. ನಾನು ಬಾಗಿಲಿಗೆ ಬಂದು, “ಒಳಗ ಬರ್ರಿ ಕಾಕಾ” ಅಂದೆ.

“ಒಳಗ ಬ್ಯಾಡ. ಒಂದು ಮಾತು ಹೇಳಿ ಹೋಗ್ತೇನಿ. ನಿಮ್ಮತ್ತಿ ಅಕ್ಕಾರು ಇರೋತನ ಹೇಳಬಾರದಿತ್ತು. ನನ್ನ ಕೊರಳಾಗಿನ ಲಿಂಗ ಮುಟ್ಟಿಸಿ ಆಣಿ ತಗೊಂಡಿದ್ರು.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಆ ಕೂಸು ಹೊಟ್ಟ್ಯಾಗ ಹೋಗಿದ್ದಿಲ್ಲವ್ವಾ. ಗಾಡ್ಯಾಗೇ ಹುಟ್ಟಿ ಅತ್ತಿತ್ತು. ನಾ ಗಾಲಿ ಹತ್ರ ಬಗ್ಗಿ ಕಲ್ಲು ತುರುಕಾಕತ್ತಿದ್ದೆ. ಸಣ್ಣ ಧ್ವನಿ. ಅಚ್ಚಿಗಿ ಎಣ್ಣಿ ಇಲ್ಲ, ಗಾಲಿ ಕೀರ್‌ ಅನ್ನಾಕತ್ತದ ಅಂತ ಮಾಡಿದ್ದೆ.” ರಸ್ತೆಯ ಕಡೆ ನೋಡಿದರು. ಆಮೇಲೆ ಅಂದರು, “ಗಾಲಿ ನಿಂತೇ ಇತ್ತು.”

ಅತ್ತೆಯೂ ಸೂಲಗಿತ್ತಿಯೂ ಅದನ್ನು ಎದೆಗೆ ಅವಚಿ ಕಾಯಿಸಿದರಂತೆ. ಮಾವ ಎತ್ತು ತರುವಷ್ಟರಲ್ಲಿ ಉಸಿರು ನಿಂತಿತಂತೆ. “ಅಕಿ ತಿಳ್ಕೊಂಡ್ರ ಬದಕಂಗಿಲ್ಲ, ಸತ್ತೇ ಹುಟ್ಟೇದ ಅಂತ ಹೇಳೂಣು” ಎಂದು ಅತ್ತೆ ಅಲ್ಲಿಯೇ, ಮಳೆಯಲ್ಲಿಯೇ ತೀರ್ಮಾನಿಸಿದರಂತೆ. ಮಾವನಿಗೂ, ನಮ್ಮ ಯಜಮಾನರಿಗೂ ಅದನ್ನೇ ಹೇಳಿದರಂತೆ.

“ನೀ ಪ್ರತಿ ವರ್ಷ ಬಂದು ನಿಮ್ಮ ತಪ್ಪಿಲ್ಲ ಅಂತಿದ್ದಿ. ಖರೇ ಗೊತ್ತಿಲ್ಲದೇ ಅಂತಿದ್ದಿ. ಆ ಮಾತಿನ ಮ್ಯಾಲ ನಿನ್ನ ಕೈಯಾಗಿನ ನೀರು ಹ್ಯಾಂಗ ಕುಡೀಲಿ? ಗಾಡಿ ಹೂಳದಿದ್ರ ದವಾಖಾನಿ ಮುಟ್ಟತಿದ್ರಿ. ಮುರುಮು ಅಲ್ಲೇ ಇತ್ತು. ನಾ ಎತ್ತಿ ಕೊಟ್ಟೆ.”

ಎದುರಿಗೆ ಖಾಲಿ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ಹಿಡಿದುಕೊಂಡಿದ್ದ ದಯೆ ಒಂದು ಗಳಿಗೆಯಲ್ಲಿ ಕೈಬಿಟ್ಟು ಹೋಯಿತು. ಅದಕ್ಕೆ ಚಳಿ ತಾಗಿತ್ತು. ಅದು ಅತ್ತಿತ್ತು, ನಾನು ಪಕ್ಕದಲ್ಲೇ ಮಲಗಿದ್ದೆ. ಅತ್ತೆಯ ಮೇಲೆ ಸಿಟ್ಟು ಬಂತು. ಆ ಮಳೆಯಲ್ಲಿ ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ಕುಳಿತ ಮುದುಕಿಯನ್ನು ನೆನೆದು ಸಿಟ್ಟು ನಿಲ್ಲಲೂ ಇಲ್ಲ. ಕೇಳಬೇಕಾದದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಒಂದೇ.

“ಹಣಿಗಿ ವಿಭೂತಿ ಹಚ್ಚಿದ್ರೇನು?”

“ನಾನೇ ಹಚ್ಚೀನವ್ವಾ. ಅಕ್ಕಾರ ಎರಡೂ ಕೈಯಾಗ ಕೂಸಿತ್ತು. ನನ್ನ ಚೀಲದಾಗಿಂದು ತಗದು ಹಚ್ಚೀನಿ. ಇನ್ನಾ ಉಸರಿತ್ತು.”

ಇನ್ನೂ ಉಸಿರಿತ್ತು. ವಿಭೂತಿ ಹಚ್ಚಿಸಿಕೊಂಡು, ಶಿವನ ಮಗುವಾಗಿಯೇ ಹೋಯಿತು. ಹೋದ ದಯೆಯ ಜಾಗಕ್ಕೆ ಇದನ್ನು ಇಟ್ಟುಕೊಳ್ಳಬಹುದೇ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಇಟ್ಟುಕೊಂಡಿದ್ದೇನೆ.

“ನಾ ಹೇಳೂದು ಹೇಳೀನಿ” ಅಂದರು ಕಾಕಾ. “ಇನ್ನ ನೀರು ಕೊಡೂದು ಬಿಡೂದು ನಿನಗ ಬಿಟ್ಟಿದ್ದು. ಕೊಡಲಿಲ್ಲಂದ್ರೂ ನನಗ ಬ್ಯಾಸರಿಲ್ಲ.”

ನಾನು ಒಳಗೆ ಹೋದೆ. ನೀರಿನ ಕೊಡದ ಮುಂದೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಕಾಕಾನನ್ನು ಕ್ಷಮಿಸಿದೆ ಎಂದು ಬರೆದರೆ ಆ ಹೊತ್ತಿನ ಮಟ್ಟಿಗೆ ಅದು ಸುಳ್ಳಾಗುತ್ತದೆ. ಅಷ್ಟು ದೂರದಿಂದ ಬಿಸಿಲಲ್ಲಿ ನಡೆದು ಬಂದ ಮುದುಕ ಬಾಯಾರಿ ನಿಂತಿದ್ದ. ಚರಗಿ ತುಂಬಿದೆ, ಒಂದು ತುಂಡು ಬೆಲ್ಲ ತೆಗೆದುಕೊಂಡೆ.

ಹೊರಗೆ ಬಂದಾಗ ಅವರು ಅದೇ ಬಿಸಿಲಲ್ಲಿ, ರುಮಾಲು ತೆಗೆದು ಬಗಲಲ್ಲಿ ಹಿಡಿದು ನಿಂತಿದ್ದರು. ಬೆಲ್ಲ ಬಾಯಿಗಿಟ್ಟು, ಎರಡೂ ಕೈ ಚಾಚಿ ಚರಗಿ ತೆಗೆದುಕೊಂಡರು. ಎತ್ತಿದ ಭರಕ್ಕೆ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಮುಗಿಯುವವರೆಗೆ ಕುಡಿದರು.

ಆಮೇಲೆ ಚರಗಿಯನ್ನು ನನ್ನ ಕಡೆ ಚಾಚಿ, “ಇನ್ನೊಂದು ಚರಗಿ ತಾರವ್ವಾ” ಅಂದರು.

ತುಂಬಿ ತಂದುಕೊಟ್ಟೆ.